ಮೂರನೇ ಮಾತ್ರೆಗೂ ನಿಲ್ಲದ ಫಿಟ್ಸ್: ಇದನ್ನು ಕಂಡವರು ಏನಂತೀರಿ?

ಮಗಳಿಗೆ 14 ವರ್ಷ. ಎರಡು ಔಷಧಿ ಆಯ್ತು, ಈಗ ಮೂರನೆಯದು. ಆದರೂ ತಿಂಗಳಿಗೆ ನಾಲ್ಕೈದು ಸಲ ಫಿಟ್ಸ್ ಬರುತ್ತೆ. ಮುಂದೇನು ಅಂತ ತಿಳಿಯದೆ ಕೂತಿದ್ದೇನೆ. ಅನುಭವ ಇರುವವರು ದಯವಿಟ್ಟು ಹೇಳಿ.

* * *

ಅಕ್ಕ, ನನ್ನ ತಮ್ಮನದೂ ಇದೇ ಪಾಡು. ಒಂದಾಗಲಿಲ್ಲ ಅಂತ ಇನ್ನೊಂದು ಮಾತ್ರೆ, ಅದೂ ಆಗಲಿಲ್ಲ ಅಂತ ಮತ್ತೊಂದು. ಹೀಗೇ ಆರು ವರ್ಷ ಕಳೆಯಿತು. ಆ ಆರು ವರ್ಷ ನೆನೆದರೆ ಈಗಲೂ ಸಂಕಟ ಆಗುತ್ತೆ.

ಸರಿಯಾಗಿ ಆರಿಸಿದ ಎರಡು ಔಷಧಿಯನ್ನು ಸಾಕಷ್ಟು ಡೋಸ್‌ನಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ, ಅದು ಔಷಧಿಗೆ ಬಗ್ಗದ ಮೂರ್ಛೆ ರೋಗ. ಈ ಕಾಯಿಲೆ ಇರುವ ಮೂವರಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ ಹೀಗಾಗುತ್ತೆ. ನಿಮ್ಮ ಆರೈಕೆಯಲ್ಲಿ ಕೊರತೆ ಇದೆ ಅಂತಲ್ಲ. ಮೂರನೇ ಮಾತ್ರೆಯಿಂದ ಪೂರ್ತಿ ನಿಲ್ಲುವುದು ಅಪರೂಪ, ಹಾಗಾಗಿ ಸುಮ್ನೆ ಕಾಯಬೇಡಿ. ಮೂರ್ಛೆ ರೋಗಕ್ಕೆ ಆಪರೇಷನ್ ಮಾಡುವ ಕಡೆಗೇ ಹೋಗಿ. ಹೋದ ಕೂಡಲೇ ಆಪರೇಷನ್ ಮಾಡಿಬಿಡಲ್ಲ. ಇದು ಮೂರ್ಛೆ ರೋಗವೇನಾ, ಯಾವ ಬಗೆ, ಎಲ್ಲಿಂದ ಶುರು ಅಂತ ಮೊದಲಿಂದ ನೋಡ್ತಾರೆ.

ತಮ್ಮನ ತಲೆಗೆ ವೈರ್ ಅಂಟಿಸಿ ಹಗಲೂ ರಾತ್ರಿ ವಿಡಿಯೊ ಇಇಜಿ ಮಾಡಿದರು, ಅಂದರೆ ವಿಡಿಯೊ ಜೊತೆಗೇ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. ಮೂರನೇ ದಿನ ಫಿಟ್ಸ್ ಬಂತು. ಮೊದಲು ತುಟಿ ಚಪ್ಪರಿಸಿದ. ಎಡಗೈ ಅಂಗಿಯ ಗುಂಡಿಯನ್ನು ತಡಕಾಡತೊಡಗಿತು, ಬಲಗೈ ಸೆಟೆದು ನಿಂತಿತು. ಮನೆಯಲ್ಲಿ ಎಷ್ಟು ಸಲ ನೋಡಿದ್ದೆವು! ಡಾಕ್ಟರಿಗೆ ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ಅದನ್ನೂ ಇಇಜಿಯನ್ನೂ ನೋಡಿ ಮಿದುಳಿನ ಎಡಭಾಗದ ಟೆಂಪೊರಲ್ ಲೋಬ್‌ನಿಂದ, ಅಂದರೆ ಕಿವಿಯ ಹತ್ತಿರದ ಭಾಗದಿಂದ ಶುರುವಾಗುತ್ತೆ ಅಂದರು. ಹಳೆಯ ಎಂಆರ್‌ಐ ನಾರ್ಮಲ್ ಅಂತಿತ್ತು. ಮೂರ್ಛೆ ರೋಗಕ್ಕೆಂದೇ ಹೊಂದಿಸಿದ ಸ್ಕ್ಯಾನ್ ಮಾಡಿದಾಗ ಕಲೆ ಕಂಡಿತು.

ಆಪರೇಷನ್ ಆಗಿ ಎರಡು ವರ್ಷ, ಫಿಟ್ಸ್ ಇಲ್ಲ. ಮಾತ್ರೆ ಇನ್ನೂ ಇದೆ. ಒಂದೊಂದು ಸಲ ವಸ್ತುಗಳ ಹೆಸರು ಬಾಯಿಗೆ ಬರಲ್ಲ, ಅದನ್ನು ಅವರು ಮೊದಲೇ ಹೇಳಿದ್ದರು.

* * *

ನಮ್ಮ ಮಗನಿಗೆ ಆಪರೇಷನ್ ಆಗಲ್ಲ ಅಂದರು, ಮಿದುಳಿನ ಎರಡೂ ಕಡೆಯಿಂದ ಬರುತ್ತೆ. ಕೀಟೋಜೆನಿಕ್ ಡಯೆಟ್‌ನಲ್ಲಿದ್ದಾನೆ. ಕೊಬ್ಬು ಜಾಸ್ತಿ, ಪಿಷ್ಟ ತೀರಾ ಕಡಿಮೆ. 1921ರಿಂದ ಇರುವ ಚಿಕಿತ್ಸೆ ಇದು. ಪ್ರತಿ ತುತ್ತನ್ನೂ ತೂಗಬೇಕು, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಡಾಕ್ಟರ್, ಡಯೆಟಿಷಿಯನ್ ಇಲ್ಲದೆ ಶುರು ಮಾಡಲೇಬೇಡಿ. ಫಿಟ್ಸ್ ಅರ್ಧದಷ್ಟು ಇಳಿದಿದೆ, ನಿಂತಿಲ್ಲ. ಆ ಅರ್ಧವೇ ನಮಗೆ ದೊಡ್ಡದು. ಫಿಟ್ಸ್ ಕಡಿಮೆ ಮಾಡಲು ಎದೆಯ ಚರ್ಮದಡಿ ಇಟ್ಟು ಕತ್ತಿನಲ್ಲಿರುವ ವೇಗಸ್ ನರಕ್ಕೆ ಜೋಡಿಸುವ ಸಾಧನವೂ ಇದೆ, ಅದನ್ನೂ ಕೇಳಿ ನೋಡಿ.

* * *

ನನಗೇ ಈ ಕಾಯಿಲೆ ಇದೆ. ನಿದ್ದೆ ಕೆಟ್ಟರೆ, ಒಂದು ಡೋಸ್ ತಪ್ಪಿದರೆ ಮರುದಿನವೇ ಗೊತ್ತಾಗುತ್ತೆ. ಫಲ ಕೊಡ್ತಿಲ್ಲ ಅಂತ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಫಿಟ್ಸ್ ಒಂದರ ಹಿಂದೊಂದು ಬಂದುಬಿಡಬಹುದು. ಬಂದಾಗ ಒಬ್ಬರು ಫೋನ್‌ನಲ್ಲಿ ವಿಡಿಯೊ ಮಾಡಿ, ಇನ್ನೊಬ್ಬರು ಮಗಳನ್ನು ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹಾಕುವ ಮಿಡಜೋಲಮ್ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಬಹುದಾ ಅಂತ ಡಾಕ್ಟರನ್ನು ಈಗಲೇ ಕೇಳಿ. ಆಮೇಲೆ, ಅವಳು ಸ್ನಾನಕ್ಕೆ ಹೋದಾಗ ಚಿಲಕ ಹಾಕದಿರಲಿ. ಹೊರಗೆ ನಿಂತು ಅಮ್ಮ ಮಾತಾಡ್ತಾ ಇದ್ದರೆ ನನಗೆ ಧೈರ್ಯ ಇರುತ್ತಿತ್ತು.