ಕಂಕುಳಿನ ಗ್ರಂಥಿ ಎಲ್ಲಾ ತೆಗೆಸಬೇಕಾ, ಒಂದೆರಡು ಸಾಕಾ?

ಬ್ಯಾಡಗಿ ಹುಡುಗ: ನಮ್ಮ ಚಿಕ್ಕಮ್ಮನಿಗೆ 54 ವರ್ಷ. ಎಡ ಎದೆಯಲ್ಲಿ ಕಂಕುಳಿನ ಕಡೆ ಗಂಟು ಇತ್ತು, ಸೂಜಿ ಹಾಕಿ ತುಣುಕು ತೆಗೆದು ನೋಡಿದರು, ಕ್ಯಾನ್ಸರ್ ಅಂತ ಬಂತು. ಗಂಟು ಮೂರು ಸೆಂಟಿಮೀಟರ್ ಒಳಗೇ ಇದೆ. ಕಂಕುಳಲ್ಲಿ ಕೈಗೆ ಏನೂ ಸಿಗುವುದಿಲ್ಲ, ಸ್ಕ್ಯಾನಿಂಗಿನಲ್ಲೂ ಕಂಡಿಲ್ಲ. ಹುಬ್ಬಳ್ಳಿ ಡಾಕ್ಟರು ಗಂಟಷ್ಟೇ ತೆಗೆದು, ನೀಲಿ ಬಣ್ಣ ಹಾಕಿ, ಎದೆಯಿಂದ ಲಿಂಫ್ ಅನ್ನುವ ತಿಳಿ ದ್ರವ ಹರಿದು ಸೇರುವ ಮೊದಲ ಗ್ರಂಥಿ ಯಾವುದು ಅಂತ ಹುಡುಕಿ ಅದನ್ನು ಪರೀಕ್ಷೆ ಮಾಡುತ್ತೇವೆ ಅಂದರು. ಅದು ಚೆನ್ನಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ, ಒಂದೆರಡರಲ್ಲಿ ಕ್ಯಾನ್ಸರ್ ಸಿಕ್ಕರೂ ಎಲ್ಲಾ ತೆಗೆಯಲೇಬೇಕು ಅಂತಿಲ್ಲವಂತೆ. ಮನೆಯಲ್ಲಿ ದೊಡ್ಡವರು ಒಪ್ಪುತ್ತಿಲ್ಲ, ಪೂರ್ತಿ ತೆಗೆಸು ಅನ್ನುತ್ತಿದ್ದಾರೆ. ಗೊತ್ತಿದ್ದವರು ಹೇಳಿ.

ರಾಣೆಬೆನ್ನೂರು82: ಪೂರ್ತಿ ತೆಗೆಸಿ, ಯೋಚನೆನೇ ಬೇಡ. ಎದೆಯ ಲಿಂಫ್ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಂಕುಳಿಗೇ ಹರಿಯುತ್ತದೆ. ಲಿಂಫ್ ನಾಳಕ್ಕೆ ರಕ್ತನಾಳದಷ್ಟು ಬಿಗಿ ಗೋಡೆ ಇರುವುದಿಲ್ಲ, ಕ್ಯಾನ್ಸರ್ ಕೋಶ ಸಲೀಸಾಗಿ ನುಗ್ಗುತ್ತದೆ. ಮೊದಲು ಕೆಳಗಿನ ಗ್ರಂಥಿಗಳು, ಆಮೇಲೆ ಎದೆಯ ಸಣ್ಣ ಸ್ನಾಯುವಿನ ಹಿಂದಿನವು, ಆಮೇಲೆ ಕೊರಳೆಲುಬಿನ ಕೆಳಗಿನವು, ಅಲ್ಲಿಂದ ಮೈಯೆಲ್ಲಾ. ಹೊಲದಲ್ಲಿ ಕರಿಕೆ ತೆಗೆಯುವಾಗ ಒಂದು ಬೇರು ಬಿಟ್ಟರೂ ಮುಂದಿನ ಮಳೆಗೆ ಹೊಲ ತುಂಬ ಅದೇ. ಕಿತ್ತರೆ ಬೇರು ಸಮೇತ ಕೀಳಬೇಕು.

ಸಾಧನಕೇರಿ ಮೇಷ್ಟ್ರು: ‘ಬೇರು ಸಮೇತ ಕೀಳಬೇಕು’ ಅನ್ನುವುದು 1894ರ ಮಾತು ಸ್ವಾಮಿ. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ಇದೇ ನಂಬಿಕೆಯ ಮೇಲೆ ಸ್ತನ, ಎದೆಯ ಸ್ನಾಯು, ಕಂಕುಳು ಎಲ್ಲಾ ತೆಗೆದುಬಿಡುತ್ತಿದ್ದರು. 1971ರಲ್ಲಿ ಅಲ್ಲಿನದೇ ಸರ್ಜನ್ ಬರ್ನಾರ್ಡ್ ಫಿಶರ್ ತಂಡ ಇದನ್ನು ಪರೀಕ್ಷೆಗೆ ಹಚ್ಚಿತು. 1,665 ಹೆಂಗಸರು. ಕಂಕುಳಲ್ಲಿ ಕೈಗೆ ಏನೂ ಸಿಗದವರಲ್ಲಿ ಕೆಲವರಿಗೆ ಎಲ್ಲಾ ತೆಗೆದರು, ಕೆಲವರಿಗೆ ಕಂಕುಳು ಮುಟ್ಟದೆ ರೇಡಿಯೇಷನ್ ಕೊಟ್ಟರು, ಇನ್ನು ಕೆಲವರಿಗೆ ಅದೂ ಇಲ್ಲ, ಕಾದು ನೋಡಿದರು. 25 ವರ್ಷದ ಫಲಿತಾಂಶ 2002ರಲ್ಲಿ ಬಂತು. ಬದುಕಿದವರ ಪ್ರಮಾಣದಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಇರಲಿಲ್ಲ. ಕ್ಯಾನ್ಸರ್ ಕಂಕುಳಲ್ಲಿ ಸರದಿಯಲ್ಲಿ ಕಾದು ಮುಂದೆ ಹೋಗುವುದಿಲ್ಲ. ಹೋಗುವಂಥದ್ದಾದರೆ ರಕ್ತದಲ್ಲಿ ನೇರವಾಗಿಯೂ ಹೋಗುತ್ತದೆ.

ರಾಣೆಬೆನ್ನೂರು82: ಅದೇ ಪರೀಕ್ಷೆಯ ಇನ್ನೊಂದು ಅಂಕಿ ಯಾಕೆ ಬಿಟ್ಟಿರಿ? ಕೈಗೆ ಏನೂ ಸಿಗದೆ ಕಂಕುಳು ತೆಗೆಸಿಕೊಂಡವರಲ್ಲಿ ಸುಮಾರು 40ರಷ್ಟು ಶೇಕಡಾ ಜನಕ್ಕೆ ಒಳಗೆ ಕ್ಯಾನ್ಸರ್ ಇದ್ದೇ ಇತ್ತು. ‘ಕೈಗೆ ಏನೂ ಸಿಗುವುದಿಲ್ಲ’ ಅನ್ನುವ ಮಾತಿಗೆ ಏನು ಬೆಲೆ ಉಳಿಯಿತು ಹೇಳಿ.

ಸಾಧನಕೇರಿ ಮೇಷ್ಟ್ರು: ಬಿಟ್ಟಿಲ್ಲ, ಪೂರ್ತಿ ಹೇಳುತ್ತೇನೆ ಕೇಳಿ. ಹಾಗಾದರೆ ಮುಟ್ಟದೆ ಬಿಟ್ಟವರಲ್ಲೂ ಅಷ್ಟೇ ಜನಕ್ಕೆ ಇದ್ದಿರಬೇಕು ಅಲ್ವಾ? ಮುಂದೆ ಕಂಕುಳಲ್ಲಿ ಗಂಟು ಎದ್ದದ್ದು ಅವರಲ್ಲಿ ಐದಕ್ಕೆ ಒಬ್ಬರಿಗಿಂತ ಕಡಿಮೆ. ಎದ್ದಾಗ ತೆಗೆದರು. ಆಯುಷ್ಯ ಅಷ್ಟೇ ಉಳಿಯಿತು.

ಬೆಟಗೇರಿ ನೇಕಾರ: ನೀವಿಬ್ಬರೂ ಕಂಕುಳಿನಲ್ಲೇ ನಿಂತುಬಿಟ್ಟಿರಿ. ‘ಸೂಜಿ ಹಾಕಿ ತುಣುಕು ತೆಗೆದರು’ ಅಂತ ಮೊದಲ ಸಾಲಲ್ಲೇ ಇದೆ. ಅಲ್ಲೇ ಕೆಟ್ಟಿತು. ಮುಚ್ಚಿಕೊಂಡಿದ್ದ ಗಂಟಿಗೆ ತೂತು ಮಾಡಿದರೆ ಹರಡದೆ ಇನ್ನೇನಾಗುತ್ತದೆ? ನಮ್ಮ ಓಣಿಯಲ್ಲೇ ಒಬ್ಬರು ಗಂಟು ಇಟ್ಟುಕೊಂಡೇ ಆರಾಮಾಗಿ ಇದ್ದರು, ಸೂಜಿ ಚುಚ್ಚಿಸಿಕೊಂಡ ಮೇಲೆ ವರ್ಷ ತುಂಬುವುದರೊಳಗೆ ಲಿವರ್‌ಗೆ ಬಂತು. ಕಣ್ಣಾರೆ ನೋಡಿದ್ದೇನೆ.

ವಿದ್ಯಾಗಿರಿ ಸಿಸ್ಟರ್: ಗಂಟು ಇಟ್ಟುಕೊಂಡು ಎಷ್ಟು ದಿನ ಇದ್ದರು ಅನ್ನುವುದನ್ನು ಯಾಕೆ ಬರೆಯಲಿಲ್ಲ? ಲಿವರ್‌ನಲ್ಲಿ ಸ್ಕ್ಯಾನಿಗೆ ಕಾಣುವಷ್ಟು ದೊಡ್ಡದಾಗಬೇಕಾದರೆ ಆ ಕೋಶ ಬಹಳ ಹಿಂದೆಯೇ ಅಲ್ಲಿ ಹೋಗಿ ಕೂತಿರಬೇಕು. ಸೂಜಿ ಹಾಕುವ ಮೊದಲೇ ಹೋಗಿತ್ತು. ಆ ತುಣುಕು ಇಲ್ಲದೆ ಕ್ಯಾನ್ಸರ್ ಕೋಶದಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇದೆಯಾ, ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯಾ ಅಂತ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಹಾರ್ಮೋನ್ ಮಾತ್ರೆ ಕೊಡಬೇಕಾ, ಕಿಮೋ ಕೊಡಬೇಕಾ, ಹರ್-2ಕ್ಕೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧಿ ಕೊಡಬೇಕಾ ಅಂತ ಯಾವ ಡಾಕ್ಟರೂ ಹೇಳಲಾರರು. ಸೂಜಿ ಹೋದ ದಾರಿಯಲ್ಲಿ ಒಂದಿಷ್ಟು ಕೋಶ ಸಿಗುವುದು ಹೌದು, ಅವು ಹೆಚ್ಚಿನವು ಅಲ್ಲೇ ಸಾಯುತ್ತವೆ.

ಬೆಟಗೇರಿ ನೇಕಾರ: ‘ಕೋಶ ಸಿಗುವುದು ಹೌದು.’ ಸಿಸ್ಟರೇ ಬರೆದಿದ್ದಾರೆ, ಎಲ್ಲರೂ ಓದಿಕೊಳ್ಳಿ.

ವಿದ್ಯಾಗಿರಿ ಸಿಸ್ಟರ್: ವಾಕ್ಯ ಪೂರ್ತಿ ಓದಿ.

ಬೆಟಗೇರಿ ನೇಕಾರ: ಓದಿದ್ದೇನೆ. ನನ್ನ ಮಾತು ಬೇಡ, ಮುಂಬೈ ಟಾಟಾ ಆಸ್ಪತ್ರೆಯ ಮಾತು ಕೇಳಿ. 2023ರಲ್ಲಿ ಡಾ. ರಾಜೇಂದ್ರ ಬಡ್ವೆ ಅವರ ತಂಡ ಪ್ರಕಟಿಸಿದ್ದು. ಕೊಯ್ಯುವ ಮೊದಲು ಗಂಟಿನ ಸುತ್ತ ಮರಗಟ್ಟಿಸುವ ಔಷಧಿ ಕೊಟ್ಟವರಲ್ಲಿ ಐದು ವರ್ಷಕ್ಕೆ ಶೇ. 90.1 ಜನ ಬದುಕಿದ್ದರು, ಕೊಡದವರಲ್ಲಿ ಶೇ. 86.4. ಕೊಯ್ಯುವಾಗ ಕೋಶ ಹರಡುವುದನ್ನು ಆ ಔಷಧಿ ತಡೆಯಬಹುದು ಅನ್ನುವ ಯೋಚನೆಯಿಂದಲೇ ಅವರು ಕೊಟ್ಟಿದ್ದು. ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೇ ಚಾಕು ಮುಟ್ಟಿದರೆ ಹರಡುತ್ತದೆ ಅಂದ ಮೇಲೆ ನಿಮ್ಮದೇನು ವಾದ?

ಸಾಧನಕೇರಿ ಮೇಷ್ಟ್ರು: ಆ ಔಷಧಿ ಗಂಟಿನ ಸುತ್ತ ಹೇಗೆ ಕೊಟ್ಟರು ಹೇಳಿ ನೋಡೋಣ. ಸೂಜಿಯಿಂದ! ಸೂಜಿ ಚುಚ್ಚಿಸಿಕೊಂಡವರೇ ಜಾಸ್ತಿ ಬದುಕಿದರು. ನಿಮ್ಮ ಪುರಾವೆ ನಿಮ್ಮ ವಾದವನ್ನೇ ಮುರಿಯುತ್ತದೆ. 1,583 ಹೆಂಗಸರಲ್ಲಿ ಪ್ರತಿಯೊಬ್ಬರಿಗೂ ಆಪರೇಷನ್ ಆಗಿತ್ತು. ಆಪರೇಷನ್ ಬೇಡ ಅಂತ ಆ ತಂಡ ಎಲ್ಲಿಯೂ ಹೇಳಿಲ್ಲ.

ಬೆಟಗೇರಿ ನೇಕಾರ: ‘ಪ್ರತಿಯೊಬ್ಬರಿಗೂ ಆಪರೇಷನ್ ಆಗಿತ್ತು.’ ಅದೇ ನನ್ನ ಪ್ರಶ್ನೆ. ಆಪರೇಷನ್ ಮಾಡಿಸದೇ ಇದ್ದವರ ಜೊತೆ ಹೋಲಿಸಿದ್ದಾರಾ? ಇಲ್ಲ. ಯಾಕೆ ಹೋಲಿಸಲಿಲ್ಲ?

ವಿದ್ಯಾಗಿರಿ ಸಿಸ್ಟರ್: ಯಾಕಂದರೆ ಮಾಡಿಸದೇ ಇದ್ದವರು ಏನಾಗುತ್ತಾರೆ ಅಂತ ನಮಗೆ ಗೊತ್ತು! ನಾನು ಅವರಿಗೆ ಡ್ರೆಸಿಂಗ್ ಮಾಡಿದ್ದೇನೆ. ಚರ್ಮದ ಕೆಳಗಿನ ಲಿಂಫ್ ನಾಳಗಳು ಕ್ಯಾನ್ಸರ್ ಕೋಶದಿಂದ ಕಟ್ಟಿಕೊಂಡು ಎದೆಯ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಆಗಿರುತ್ತದೆ. ಆಮೇಲೆ ಅದು ಒಡೆಯುತ್ತದೆ. ಹಳೆ ಸೀರೆಯ ತುಂಡು ಒಳಗಿಟ್ಟು, ಮೇಲೆ ಸೆರಗು ಹೊದ್ದು, ವಾಸನೆ ಬರುತ್ತದೆ ಅಂತ ಬಸ್ಸಿನಲ್ಲಿ ಕೊನೆ ಸೀಟಿನಲ್ಲಿ ಕೂತು ಬರುತ್ತಾರೆ. ‘ಸೂಜಿ ಹಾಕಿದರೆ ಹರಡುತ್ತದಂತೆ, ಅದಕ್ಕೇ ಬರಲಿಲ್ಲ’ ಅನ್ನುತ್ತಾರೆ. ಆ ಮಾತು ಅವರಿಗೆ ಹೇಳಿದ್ದು ನಿಮ್ಮಂಥವರೇ. ಸುಮ್ನೆ ಬಾಯಿಗೆ ಬಂದದ್ದು ಬರೆಯಬೇಡಿ, ಇಲ್ಲಿ ಓದುವವರಲ್ಲಿ ಗಂಟು ಇಟ್ಟುಕೊಂಡು ಕೂತವರೂ ಇರುತ್ತಾರೆ.

ಬೆಟಗೇರಿ ನೇಕಾರ: ‘ನಿಮ್ಮಂಥವರೇ’ ಅಂದರೆ ಏನು? ನಾನು ನೋಡಿದ್ದನ್ನು ಬರೆದೆ. ಮರ್ಯಾದೆ ಕೊಟ್ಟು ಮಾತಾಡಿ.

ಹಾನಗಲ್ ಅಕ್ಕ: ನನಗೆ ಆಗಿದೆ, ಸೂಜಿಯೂ ಹಾಕಿಸಿಕೊಂಡಿದ್ದೇನೆ, ಕಂಕುಳೂ ಪೂರ್ತಿ ತೆಗೆಸಿದ್ದೇನೆ. ಇಲ್ಲಿ ಜಗಳವಾಡುತ್ತಿದ್ದೇನೆ ಅಂದರೆ ಬದುಕಿದ್ದೇನೆ ಅಂತ ಅರ್ಥ.

ರಾಣೆಬೆನ್ನೂರು82: ನೋಡಿ, ‘ಕಂಕುಳೂ ಪೂರ್ತಿ ತೆಗೆಸಿದ್ದೇನೆ’. ಅಕ್ಕನೇ ಸಾಕ್ಷಿ. ಇನ್ನೂ ಒಂದು ಕೇಳಿ ಮೇಷ್ಟ್ರೇ, 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಲಿಂಫ್ ಗ್ರಂಥಿಗೆ ಬಂದ ಕ್ಯಾನ್ಸರ್ ಕೋಶಗಳು ಗ್ರಂಥಿಯೊಳಗಿನ ರಕ್ತನಾಳಕ್ಕೇ ಇಳಿದು ಶ್ವಾಸಕೋಶಕ್ಕೆ ಹೋದವು. ಕಂಕುಳೇ ಬಾಗಿಲು ಅಂತ ಸಾಬೀತಾಯಿತಲ್ಲ?

ಸಾಧನಕೇರಿ ಮೇಷ್ಟ್ರು: ಅದು ಇಲಿಗಳಲ್ಲಿ. ಆ ದಾರಿ ಇಲ್ಲ ಅಂತ ನಾನು ಹೇಳಿಲ್ಲ, ಲಿಂಫ್ ಕೂಡ ಕೊನೆಗೆ ಕೊರಳಿನ ಹತ್ತಿರ ರಕ್ತಕ್ಕೇ ಸೇರುತ್ತದೆ. ಅದೊಂದೇ ದಾರಿ ಅನ್ನುವುದಕ್ಕೆ ನನ್ನ ತಕರಾರು. ಕಂಕುಳಿನ ಗ್ರಂಥಿ ಒಂದೂ ಕೆಡದವರಿಗೂ ಮುಂದೆ ಎಲುಬಿನಲ್ಲಿ ಬರುವುದುಂಟು, ಅದು ಯಾವ ಬಾಗಿಲಿಂದ ಹೋಯಿತು? ಗ್ರಂಥಿ ತೆಗೆದು ನೋಡುವುದು ರೋಗ ಎಷ್ಟು ಜೋರಿದೆ, ಮುಂದೆ ಏನು ಔಷಧಿ ಕೊಡಬೇಕು ಅಂತ ತಿಳಿಯಲಿಕ್ಕೆ. ಮೈಯಲ್ಲಿ ಬೇರೆ ಕಡೆ ಹೋಗಿರಬಹುದಾದ ಕೋಶಕ್ಕೆ ಕಿಮೋ, ಹಾರ್ಮೋನ್ ಮಾತ್ರೆ ಇವೆ, ಚಾಕು ಅಲ್ಲಿಗೆ ಮುಟ್ಟುವುದಿಲ್ಲ.

ಹಾನಗಲ್ ಅಕ್ಕ: ರಾಣೆಬೆನ್ನೂರಿನವರೇ, ನನ್ನನ್ನು ಸಾಕ್ಷಿ ಮಾಡಬೇಡಿ. ನನ್ನ ಕಂಕುಳಲ್ಲಿ ಕೈಗೇ ಗಂಟು ಹತ್ತುತ್ತಿತ್ತು, ಅದಕ್ಕೆ ತೆಗೆದರು. ಈ ಹುಡುಗನ ಚಿಕ್ಕಮ್ಮನದು ಬೇರೆ. ಆ ಕೈಗೆ ಬಾವು ಬಂದು ಬಳೆ ಬಿಗಿಯಾಗಿ, ಕೊನೆಗೆ ಒಡೆದು ತೆಗೆಯಬೇಕಾಯಿತು. ಈಗ ಆ ಕೈಗೆ ಬಳೆ ಇಲ್ಲ.

ರಾಣೆಬೆನ್ನೂರು82: ಬಳೆ ಹೋದರೆ ಹೋಗಲಿ ಅಕ್ಕ, ಜೀವ ದೊಡ್ಡದು.

ವಿದ್ಯಾಗಿರಿ ಸಿಸ್ಟರ್: ‘ಬಳೆ ಹೋದರೆ ಹೋಗಲಿ’ ಅನ್ನಲಿಕ್ಕೆ ಗಂಡಸರಿಗೆ ಎಷ್ಟು ಸುಲಭ! ಪೂರ್ತಿ ತೆಗೆಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಕೈ ಬಾವು ಬರುತ್ತದೆ. ಮೊದಲ ಗ್ರಂಥಿಗಳನ್ನಷ್ಟೇ ತೆಗೆದವರಲ್ಲಿ 100ಕ್ಕೆ ಐದಾರು ಜನ. ಆ ಬಾವು ಪೂರ್ತಿ ಇಳಿಯುವುದು ಕಷ್ಟ, ಬಿಗಿ ತೋಳುಪಟ್ಟಿ ಹಾಕಿಕೊಂಡೇ ಇರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬೆರಳು ನೋಡಿದ್ದೀರಾ? ಉಗುರಿನ ಬದಿಯೆಲ್ಲಾ ಸೀಳಿರುತ್ತದೆ. ಬಾವು ಬಂದ ಕೈಗೆ ಅಂಥ ಒಂದು ಸೀಳು ಸಾಕು, ಸೋಂಕು ಏರಿ ಕೈಯೆಲ್ಲಾ ಕೆಂಪಾಗಿ ಜ್ವರ ಬರುತ್ತದೆ. ಕೂಲಿ ಹೋಯಿತು ಅಂತಲೇ ಲೆಕ್ಕ. ಈ ಹುಡುಗನಿಗೆ ಡಾಕ್ಟರು ಹೇಳಿದ್ದು ಹೊಸದೇನಲ್ಲ. ಜಡ್-11 ಅನ್ನುವ ಪರೀಕ್ಷೆಯಲ್ಲಿ, ಒಂದೆರಡು ಗ್ರಂಥಿಯಲ್ಲಿ ಸಿಕ್ಕರೂ ಉಳಿದವನ್ನು ಬಿಟ್ಟವರು ಹತ್ತು ವರ್ಷಕ್ಕೆ ಶೇ. 86.3 ಬದುಕಿದ್ದರು, ಎಲ್ಲಾ ತೆಗೆಸಿದವರು ಶೇ. 83.6. 2017ರಲ್ಲಿ ಪ್ರಕಟವಾಗಿದೆ.

ರಾಣೆಬೆನ್ನೂರು82: ಅವರಲ್ಲಿ ಹೆಚ್ಚಿನವರಿಗೆ ಸ್ತನಕ್ಕೆ ಪೂರ್ತಿ ರೇಡಿಯೇಷನ್ ಇತ್ತು, ಕಿಮೋನೋ ಮಾತ್ರೆಯೋ ಕೂಡ ಇತ್ತು. ಅದನ್ನು ಯಾಕೆ ಹೇಳಲಿಲ್ಲ ಸಿಸ್ಟರ್? ನಮ್ಮ ಕಡೆ ಆಪರೇಷನ್ ಆದ ಮೇಲೆ ರೇಡಿಯೇಷನ್‌ಗೆ ಹೋಗದೆ ಬಿಡುವವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಬಿತ್ತನೆ ಬಂತು, ಮದುವೆ ಬಂತು, ಬಸ್‌ಚಾರ್ಜ್ ಇಲ್ಲ ಅಂತ ಮನೆಯಲ್ಲೇ ಕೂರುತ್ತಾರೆ. ಅಂಥವರಿಗೆ ಕಂಕುಳು ಬಿಟ್ಟರೆ ಯಾರು ಹೊಣೆ?

ವಿದ್ಯಾಗಿರಿ ಸಿಸ್ಟರ್: ರೇಡಿಯೇಷನ್ ತಪ್ಪಿಸುತ್ತಾರೆ ಅಂದರೆ ತಪ್ಪಿಸದ ಹಾಗೆ ನೋಡಿಕೊಳ್ಳಿ. ಅದಕ್ಕೆ ಅವಳ ಕೈ ಯಾಕೆ ಹಾಳು ಮಾಡುತ್ತೀರಿ? ಗಂಟಷ್ಟೇ ತೆಗೆದರೆ ರೇಡಿಯೇಷನ್ ಹೇಗೂ ಬೇಕು, ಕಂಕುಳು ತೆಗೆದರೂ ಬೇಕು, ಬಿಟ್ಟರೂ ಬೇಕು. ಈಗ ಬಹಳ ಕಡೆ 15 ಸಲದಲ್ಲಿ ಮುಗಿಸುತ್ತಾರೆ.

ಬೆಟಗೇರಿ ನೇಕಾರ: ಸೂಜಿಯ ಬಗ್ಗೆ ನನ್ನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸಾಧನಕೇರಿ ಮೇಷ್ಟ್ರು: ಕೊಟ್ಟಾಗಿದೆ. ಮೇಲೆ ಹೋಗಿ ಓದಿ.

ಬ್ಯಾಡಗಿ ಹುಡುಗ: ಎಲ್ಲರಿಗೂ ನಮಸ್ಕಾರ. ಸೂಜಿ ಹಾಕಿ ಆಗಿದೆ, ಅದರ ಚರ್ಚೆ ನನಗೆ ಬೇಡ. ಮೂರು ಗ್ರಂಥಿಯಲ್ಲಿ ಸಿಕ್ಕರೆ ಏನು ಮಾಡುತ್ತಾರೆ? ಆ ನೀಲಿ ಬಣ್ಣದಿಂದ ಏನಾದರೂ ತೊಂದರೆ ಇದೆಯಾ?

ವಿದ್ಯಾಗಿರಿ ಸಿಸ್ಟರ್: ಒಂದೆರಡು ಅನ್ನುವ ಮಿತಿ ದಾಟಿದರೆ ಆ ಪರೀಕ್ಷೆಯ ಲೆಕ್ಕ ಚಿಕ್ಕಮ್ಮನಿಗೆ ಹೊಂದುವುದಿಲ್ಲ, ಆಗ ಸಾಮಾನ್ಯವಾಗಿ ಉಳಿದವನ್ನೂ ತೆಗೆಯುವ ಮಾತು ಬರುತ್ತದೆ. ಹಾಗಾದರೆ ಅದೇ ಆಪರೇಷನ್ನಿನಲ್ಲೇ ತೆಗೆಯುತ್ತೀರಾ, ವರದಿ ಬಂದ ಮೇಲೆ ಇನ್ನೊಮ್ಮೆ ಕರೆಯುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ಬಣ್ಣಕ್ಕೆ ಅಲರ್ಜಿ ಆಗುವುದು ಅಪರೂಪ. ಹಿಂದೆ ಯಾವುದಾದರೂ ಔಷಧಿ ಒಗ್ಗದೆ ಇದ್ದರೆ, ದಿನಾ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಒಂದೆರಡು ದಿನ ಮೂತ್ರ ಹಸಿರು ನೀಲಿ ಬರುತ್ತದೆ, ಅದನ್ನು ಚಿಕ್ಕಮ್ಮನಿಗೆ ಈಗಲೇ ಹೇಳಿಡಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ.

ರಾಣೆಬೆನ್ನೂರು82: ಮೂರಕ್ಕೆ ತೆಗೆಯುತ್ತಾರಂತೆ, ಎರಡಕ್ಕೆ ಬಿಡುತ್ತಾರಂತೆ. ನನಗಂತೂ ಒಪ್ಪಿಗೆ ಇಲ್ಲ.