ರೋಗಿಯನ್ನು ಬಿಟ್ಟು ಮನೆಯವರನ್ನು ಕೇಳುವುದು: ಸಮಯದ ಕೊರತೆಯೋ, ವೈದ್ಯರ ಮನೋಭಾವವೋ?

ಪ್ರಶ್ನೆ (ಆಲೂರು, ಹಾಸನ ಜಿಲ್ಲೆ)

ಶುಂಠಿ ಮತ್ತು ಕಾಫಿ ಬೆಳೆಯುವ ನಮ್ಮ ತಂದೆಯವರಿಗೆ 64 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದೆ. ಕಾಲಿನ ಗಾಯ ಕೊಳೆತು, ಕಳೆದ ತಿಂಗಳು ಹಾಸನದ ಆಸ್ಪತ್ರೆಯೊಂದರಲ್ಲಿ ಅವರ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಚಿಕಿತ್ಸೆಯ ಬಗ್ಗೆ ನನ್ನ ದೂರಿಲ್ಲ. ವೈದ್ಯರು ದಿನಕ್ಕೆರಡು ಬಾರಿ ಬಂದು ನೋಡಿದರು, ಯಾರೂ ಗದರಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ವಿಷಯವನ್ನು ನನ್ನನ್ನು ವಾರ್ಡಿನ ಹೊರಗೆ ಕರೆದು ಹೇಳಿದರು, ಸಮ್ಮತಿ ಪತ್ರಕ್ಕೂ ನನ್ನ ಸಹಿಯನ್ನೇ ಪಡೆದರು. ಪೂರ್ಣ ಎಚ್ಚರದಲ್ಲಿದ್ದ, ದಿನವೂ ಪತ್ರಿಕೆ ಓದುವ ಅಪ್ಪನಿಗೆ ಬೆರಳು ಹೋಗುತ್ತದೆಂದು ತಿಳಿದದ್ದು ಸ್ಟ್ರೆಚರ್ ಮೇಲೆ ಮಲಗಿಸಿದ ನಂತರ. "ಬೆರಳು ನಂದು, ಕೇಳಿದ್ದು ನಿನ್ನನ್ನ" ಎಂದು ಈಗಲೂ ನೊಂದುಕೊಳ್ಳುತ್ತಾರೆ. ಮರುಮಾತಿಲ್ಲದೆ ಸಹಿ ಹಾಕಿದ ತಪ್ಪು ನನ್ನದೂ ಹೌದು. ರೋಗಿಯೊಂದಿಗೆ ನೇರವಾಗಿ ಮಾತನಾಡಲು ವೈದ್ಯರಿಗೆ ಸಮಯ ಸಾಲುವುದಿಲ್ಲವೇ, ಅಥವಾ ಅದರ ಅಗತ್ಯವಿದೆಯೆಂದೇ ಅನ್ನಿಸುವುದಿಲ್ಲವೇ?

ಉತ್ತರ 1 (ವೈದ್ಯ, ಹಾಸನ)

ಹೊರರೋಗಿ ವಿಭಾಗದಲ್ಲಿ ಸಮಯದ ಕೊರತೆ ನಿಜ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಭಾರತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಎರಡು ನಿಮಿಷದ ಆಸುಪಾಸಿನಲ್ಲಿತ್ತು, ಸ್ವೀಡನ್ನಿನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಆದರೆ ನಿಮ್ಮ ತಂದೆ ವಾರ್ಡಿನಲ್ಲಿದ್ದರು. ಹೊರಗೆ ನಿಂತು ನಿಮಗೆ ವಿವರಿಸಿದ ಅಷ್ಟೇ ಹೊತ್ತನ್ನು ಅವರ ಮಂಚದ ಪಕ್ಕದಲ್ಲಿ ಕಳೆಯಬಹುದಿತ್ತು. ಆದ್ದರಿಂದ ಇದನ್ನು ನಾನು ಮನೋಭಾವವೆಂದೇ ಕರೆಯುತ್ತೇನೆ.

ವೈದ್ಯರ ಈ ಮನೋಭಾವವನ್ನು ಅಳೆಯಲು ಅಮೆರಿಕದ ಎಡ್ವರ್ಡ್ ಕ್ರುಪಾಟ್ ಮತ್ತು ಸಂಗಡಿಗರು ರೂಪಿಸಿದ 18 ಹೇಳಿಕೆಗಳ ಪ್ರಶ್ನಾವಳಿಯೊಂದಿದೆ. ಅದು ರೋಗಿಯ ಮೇಲಿನ ಕಾಳಜಿಯನ್ನೂ, ಮಾಹಿತಿ ಮತ್ತು ನಿರ್ಧಾರಗಳನ್ನು ರೋಗಿಯೊಂದಿಗೆ ಹಂಚಿಕೊಳ್ಳುವ ಒಲವನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ನಿಮಗೆ ಸಿಕ್ಕಿದ್ದು ಮೊದಲನೆಯದು ಮಾತ್ರ. ಪ್ರೀತಿಯಿಂದ ನೋಡಿಕೊಂಡರೆ ಕೇಳುವ ಅಗತ್ಯವಿಲ್ಲವೆಂಬ ನಂಬಿಕೆಯಲ್ಲೇ ನಾನೂ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಅದು ತಪ್ಪೆಂದು ಈಗ ಒಪ್ಪುತ್ತೇನೆ. ಕಾನೂನು ಸ್ಪಷ್ಟವಾಗಿದೆ: ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ನೀಡುತ್ತಾ, ಅರಿವಳಿಕೆಯಲ್ಲಿದ್ದ ವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದೆಂದು ಹೇಳಿತು. ಜೀವ ಉಳಿಸುವ ತುರ್ತಿನ ಮಾತು ಬೇರೆ.

ಉತ್ತರ 2 (ಶುಶ್ರೂಷಕಿ, ಮೂಡಿಗೆರೆ)

ಡಾಕ್ಟರರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ "ಅವರಿಗೆ ಹೇಳಬೇಡಿ ಸಿಸ್ಟರ್, ಎದೆ ಒಡೆದುಕೊಳ್ಳುತ್ತಾರೆ" ಎಂದು ಕೈಮುಗಿಯುವವರು ಮನೆಯವರೇ. ಇನ್ನು ಕಾಫಿ ತೋಟದ ಕೂಲಿಯವರು ಬಂದಾಗ ಜೊತೆಗಿರುವ ರೈಟರ್ (ತೋಟದ ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿಯೇ ಎಲ್ಲದಕ್ಕೂ ಉತ್ತರಿಸಿಬಿಡುತ್ತಾರೆ. ಕನ್ನಡ ಬಾರದ ಹೆಂಗಸು ಒಂದು ಮಾತೂ ಆಡದೆ ಮಾತ್ರೆ ಹಿಡಿದು ಹೊರಡುತ್ತಾಳೆ. ಹಿಂದೆ ನಮ್ಮಲ್ಲಿದ್ದ ವೈದ್ಯೆಯೊಬ್ಬರು ಡಿಸ್ಚಾರ್ಜ್ ಮಾಡುವಾಗ "ಅರ್ಥವಾಯಿತೇ?" ಎನ್ನುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. "ಮನೆಗೆ ಹೋದಮೇಲೆ ಯಾವ ಮಾತ್ರೆ ಯಾವಾಗ ತಗೋತೀರಿ, ನನಗೊಮ್ಮೆ ಹೇಳಿ" ಎಂದು ರೋಗಿಯಿಂದಲೇ ಹೇಳಿಸುತ್ತಿದ್ದರು. ತಪ್ಪು ತಿಳಿದುಕೊಂಡದ್ದು ಅಲ್ಲೇ ಹೊರಬೀಳುತ್ತಿತ್ತು, ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಗುರುವಾರ ಡ್ರೆಸ್ಸಿಂಗ್ ಇದೆ. ನಾನು ಹೊರಗೆ ಕುಳಿತು ಅಪ್ಪನನ್ನೇ ಮಾತನಾಡಲು ಬಿಡುತ್ತೇನೆಂದು ತೀರ್ಮಾನಿಸಿದ್ದೇನೆ. ಏನು ಕೇಳಬೇಕೆಂದಿದ್ದೀರಿ ಎಂದು ನಿನ್ನೆ ರಾತ್ರಿ ವಿಚಾರಿಸಿದೆ. ಶುಂಠಿ ಕೀಳುವ ಹೊತ್ತಿಗೆ ಬೂಟು ಹಾಕಿಕೊಂಡು ಹೊಲಕ್ಕೆ ಇಳಿಯಬಹುದೇ ಎಂಬುದೊಂದೇ ಅವರ ಪ್ರಶ್ನೆಯಂತೆ. ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಅದು ಅವರ ಮನಸ್ಸಿನಲ್ಲಿತ್ತಂತೆ.