ಚಿನ್ನ ಸಣ್ಣದಾದರೆ ಕೆಂಪಾಗುತ್ತದಂತೆ, ನಿಜವಾ?

ಪ್ರಶ್ನೆ: ಮೈಸೂರು ಅಕ್ಕಸಾಲಿ

ಮಗಳು 9ನೇ ಕ್ಲಾಸು. ನ್ಯಾನೊ ಟೆಕ್ನಾಲಜಿ ಬಗ್ಗೆ ಶಾಲೆಯಲ್ಲಿ ಮಾತಾಡಬೇಕಂತೆ. ನಿನ್ನೆ ರಾತ್ರಿ ನಾನು ಕೆಲಸಕ್ಕೆ ಕೂತಿದ್ದಾಗ ಪಕ್ಕಕ್ಕೆ ಬಂದು, "ಅಪ್ಪಾ, ಚಿನ್ನವನ್ನ ತುಂಬಾ ಸಣ್ಣ ಮಾಡಿದರೆ ಕೆಂಪಾಗುತ್ತೆ, ಗೊತ್ತಾ?" ಅಂದಳು. 26 ವರ್ಷದಿಂದ ಚಿನ್ನಕ್ಕೆ ಅರ ಹಾಕುತ್ತಿದ್ದೇನೆ. ಉದುರುವ ಪುಡಿಯೂ ಹಳದಿಯೇ. ತಾಮ್ರ ಜಾಸ್ತಿ ಬೆರೆತರೆ ಕೆಂಪು ಛಾಯೆ ಬರುತ್ತದೆ, ಆ ಮಾತು ಬೇರೆ. ಅಪ್ಪಟ ಚಿನ್ನ ಕೆಂಪಾಗುವುದುಂಟಾ? ಈ ನ್ಯಾನೊ ಅಂದರೇನು, ಯಾತಕ್ಕೆ ಉಪಯೋಗ? ಅವಳಿಗೆ ತಪ್ಪು ಹೇಳಿಕೊಡಬಾರದು ಅಂತ ಕೇಳುತ್ತಿದ್ದೇನೆ.

ಉತ್ತರ: ಬಿಎಸ್ಸಿ ಹುಡುಗ

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಅಳತೆಯಲ್ಲಿ ಮಾಡುವ ಕೆಲಸಕ್ಕೆ ನ್ಯಾನೊ ಟೆಕ್ನಾಲಜಿ ಅಂತಾರೆ. ಮೊಬೈಲ್ ಚಿಪ್‌ನಿಂದ ಹಿಡಿದು ಔಷಧಿವರೆಗೆ ಬಳಕೆ ಇದೆ.

ಉತ್ತರ: ಕಿಟ್ ಲ್ಯಾಬಿನವಳು

ಅಣ್ಣಾ, ಮಗಳು ಹೇಳಿದ್ದು ನಿಜ. ಕೆಂಪು ಚಿನ್ನ ಮಾಡುವುದೇ ನನ್ನ ಕೆಲಸ. ಬಸುರಿ ಪರೀಕ್ಷೆಯ ಪಟ್ಟಿ ನೋಡಿರುತ್ತೀರಲ್ಲ, ಅದರಲ್ಲಿ ಮೂಡುವ ಕೆಂಪು ಗೆರೆ ಬಹಳಷ್ಟು ಕಿಟ್‌ಗಳಲ್ಲಿ ಚಿನ್ನವೇ.

ಆಸಿಡ್‌ನಲ್ಲಿ ಕರಗಿಸಿದ ಚಿನ್ನದ ಉಪ್ಪನ್ನು ನೀರಿಗೆ ಹಾಕಿ ಕುದಿಸುತ್ತೇವೆ. ನೀರು ತಿಳಿ ಹಳದಿ ಇರುತ್ತದೆ. ಅದಕ್ಕೆ ಸೋಡಿಯಂ ಸಿಟ್ರೇಟ್ ಸುರಿದರೆ ಮೊದಲು ಬಣ್ಣವೇ ಹೋಗುತ್ತದೆ. ಆಮೇಲೆ ಶಾಯಿ ಬಿದ್ದ ಹಾಗೆ ಕಪ್ಪುನೀಲಿ, ನೇರಳೆ, ಕೊನೆಗೆ ದಾಳಿಂಬೆ ರಸದಂಥ ಕೆಂಪು. ಎಲ್ಲ ಕೆಲವೇ ನಿಮಿಷ. ಎಂಟು ವರ್ಷದಿಂದ ಮಾಡುತ್ತಿದ್ದೇನೆ, ಆ ಕೆಂಪು ಬರುವವರೆಗೆ ಇವತ್ತಿಗೂ ಕಣ್ಣು ತೆಗೆಯಲ್ಲ. ಒಂದು ಲೀಟರ್ ಕೆಂಪು ನೀರಿಗೆ ಬೇಕಾಗುವ ಚಿನ್ನ ಸುಮಾರು 50 ಮಿಲಿಗ್ರಾಂ. ನಿಮ್ಮ ಲೆಕ್ಕದಲ್ಲಿ ಅರ್ಧ ಗುಲಗಂಜಿ ತೂಕವೂ ಇಲ್ಲ.

ನಿಮ್ಮ ಅರದ ಪುಡಿ ಯಾಕೆ ಕೆಂಪಾಗಲ್ಲ ಅಂದರೆ, ಕಣ್ಣಿಗೆ ಕಾಣುವ ಕಣ ಏನಿಲ್ಲವೆಂದರೂ ಹತ್ತಾರು ಸಾವಿರ ನ್ಯಾನೊಮೀಟರ್ ಇರುತ್ತದೆ. ನಮ್ಮದು 15-20. ಅಷ್ಟು ಸಣ್ಣದಾದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಬೆಳಕಿಗೆ ಒಟ್ಟಿಗೆ ತೂಗಾಡಿ ಹಸಿರು ಬೆಳಕನ್ನು ಹೀರಿಕೊಳ್ಳುತ್ತವೆ. ಉಳಿದ ಕೆಂಪು ನಮಗೆ ಕಾಣುತ್ತದೆ. ಅದೇ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ಕಣಗಳು ಒಂದಕ್ಕೊಂದು ಅಂಟಿಕೊಂಡು ನೀರು ನೀಲಿಯಾಗುತ್ತದೆ! ಮಗಳಿಗೆ ಇದನ್ನೇ ಒತ್ತಿ ಹೇಳಿ. ನ್ಯಾನೊ ಅಂದರೆ ಸುಮ್ನೆ ಸಣ್ಣದು ಅಂತಲ್ಲ. ಅಳತೆ ಬದಲಾದರೆ ವಸ್ತುವಿನ ಗುಣವೇ ಬದಲಾಗುತ್ತದೆ.

ಪಟ್ಟಿಯಲ್ಲಿ ಈ ಕಣಗಳಿಗೆ ಆಂಟಿಬಾಡಿ, ಅಂದರೆ ಒಂದು ನಿರ್ದಿಷ್ಟ ವಸ್ತುವನ್ನೇ ಗುರುತಿಸಿ ಹಿಡಿಯುವ ಪ್ರೋಟೀನ್, ಅಂಟಿಸಿರುತ್ತೇವೆ. ಬಸುರಿಯ ಮೂತ್ರದಲ್ಲಿರುವ ಹಾರ್ಮೋನ್ ಅದಕ್ಕೆ ಹಿಡಿದುಕೊಂಡು, ಗೆರೆಯ ಜಾಗದಲ್ಲಿ ಚಿನ್ನದ ಸಮೇತ ಸಿಕ್ಕಿಬೀಳುತ್ತದೆ. ಮನೆಯಲ್ಲೇ ಮಾಡುತ್ತಿದ್ದ ಕೊರೊನಾ ಟೆಸ್ಟ್ ಕೂಡ ಇದೇ ಉಪಾಯ. ಕರೆಂಟು ಬೇಡ, ಮೆಷಿನ್ ಬೇಡ. ಲ್ಯಾಬೇ ಇಲ್ಲದ ಹಳ್ಳಿಯಲ್ಲೂ ಒಬ್ಬ ಆಶಾ ಕಾರ್ಯಕರ್ತೆ ಐದು ನಿಮಿಷದಲ್ಲಿ ಹೇಳಿಬಿಡುತ್ತಾಳೆ. ನನಗೆ ಈ ಕೆಲಸ ಇಷ್ಟವಾಗುವುದು ಇದಕ್ಕೇ.

ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಅನ್ನುವ ವಿಜ್ಞಾನಿ 1850ರ ದಶಕದಲ್ಲೇ ಇಂಥ ಕೆಂಪು ದ್ರಾವಣ ಮಾಡಿದ್ದ. 1857ರಲ್ಲಿ ಅದರ ಬಗ್ಗೆ ಬರೆದ. ಅವನ ಬಾಟಲಿಗಳು ಅಲ್ಲಿನ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇವತ್ತಿಗೂ ಇವೆ.

ಆಸಿಡ್ ಕೆಲಸ ಮನೆಯಲ್ಲಿ ಬೇಡ ಅಣ್ಣಾ. ಬದಲಿಗೆ ಒಂದು ಅಪ್ಪಟ ಬಂಗಾರದ ರೇಕನ್ನು ಎರಡು ಗಾಜಿನ ನಡುವೆ ಇಟ್ಟು ದೀಪಕ್ಕೆ ಹಿಡಿಯಿರಿ. ಅದರ ದಪ್ಪ ಸುಮಾರು 100 ನ್ಯಾನೊಮೀಟರ್ ಅಷ್ಟೇ.

ಮೈಸೂರು ಅಕ್ಕಸಾಲಿ

ತಂಗಿ, ಮೈಸೂರು ಶೈಲಿ ಚಿತ್ರ ಬರೆಯುವ ಸ್ನೇಹಿತರೊಬ್ಬರ ಹತ್ತಿರ ರೇಕು ಇಸ್ಕೊಂಡು ಬಂದೆ. ಬಲ್ಬಿಗೆ ಹಿಡಿದರೆ ಹಸಿರು! ಈ ಕಡೆಯಿಂದ ಹಳದಿ, ಬೆಳಕು ಹಾಯ್ದರೆ ಹಸಿರು. ಇಷ್ಟು ವರ್ಷದಲ್ಲಿ ಒಂದು ದಿನವೂ ಬೆಳಕಿಗೆ ಹಿಡಿದು ನೋಡಿರಲಿಲ್ಲ. ಮಗಳು ಇನ್ನೂ ಗಾಜು ಕೆಳಗಿಟ್ಟಿಲ್ಲ.